ಸಹ್ಯಾದ್ರಿಯ ಮಳೆಗಾಲಕ್ಕೆ ಯಾವ ಜಿಪಿಎಸ್ ತಗೊಳ್ಳಬೇಕು?

ಠಾಣೆಯಲ್ಲಿರುವ ಅಕ್ಕನ ಮಗ ಮೊನ್ನೆ ನಾಲ್ಕು ಫೋಟೋ ಕಳಿಸಿ, "ಮಾಮಾ, ಇದ್ರಾಗ ಯಾವ್ದು ತಗೊಳ್ಲಿ?" ಎಂದು ಕೇಳಿದ. ನಾಲ್ಕೂ ಕೈಯಲ್ಲಿ ಹಿಡಿಯುವ ಜಿಪಿಎಸ್ ಸಾಧನಗಳು. ಒಂದರದು ಕಪ್ಪುಬಿಳುಪು ಪರದೆ, ಎರಡರಲ್ಲಿ ಬಣ್ಣದ ನಕ್ಷೆ, ನಾಲ್ಕನೆಯದು ತಲೆಯ ಮೇಲೆ ಗಿಡ್ಡ ಕೋಲಿನಂಥ ಆಂಟೆನಾ ಇರುವ ದುಬಾರಿ ಮಾಲು. ಅವನಿಗೆ ಫೋನಿನಲ್ಲಿ ಒಂದು ತಾಸು ಹೇಳಿದ್ದನ್ನು ಇಲ್ಲಿ ಇನ್ನಷ್ಟು ಬಿಡಿಸಿ ಬರೆಯುತ್ತಿದ್ದೇನೆ. ನಾನು ಧಾರವಾಡ ಬಿಟ್ಟು ಪುಣೆಗೆ ಬಂದು ಹದಿನೆಂಟು ವರ್ಷವಾಯಿತು. ನಮ್ಮದು ಆರೇಳು ಮಂದಿ ಕನ್ನಡದವರ ಗುಂಪು, ತಿಂಗಳಿಗೆ ಒಂದೆರಡು ಭಾನುವಾರ ಯಾವುದಾದರೂ ಗಡ, ಅಂದರೆ ಬೆಟ್ಟದ ಮೇಲಿನ ಕೋಟೆ, ಹತ್ತುತ್ತೇವೆ. ಈ ಸಾಧನಗಳನ್ನು ಬಳಸಿದ್ದು ಆ ದಾರಿಗಳಲ್ಲಿ.

ಅವನಿಗೆ ಮೊದಲು ಕೇಳಿದ್ದು, "ನೀ ಯಾವ ತಿಂಗಳದಾಗ ನಡೀತಿ?" ಎಂದು. ಡಿಸೆಂಬರಿನ ಬಿಸಿಲಲ್ಲಿ ಸಿಂಹಗಡ, ಲೋಹಗಡ ಹತ್ತುವವರಿಗೆ ಜಿಪಿಎಸ್ ಸಾಧನದ ಅಗತ್ಯವೇ ಇಲ್ಲ. ದಾರಿ ಕಣ್ಣಿಗೆ ಕಾಣುತ್ತದೆ, ಜನರೂ ಇರುತ್ತಾರೆ. ನಮ್ಮ ಕಡೆಯ ಬೆಟ್ಟಗಳು ದಾರಿ ತಪ್ಪಿಸುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಮಂಜು ಇಳಿದು ಹತ್ತು ಹೆಜ್ಜೆ ಮುಂದಿರುವ ಮನುಷ್ಯ ಕಾಣದಿದ್ದಾಗ. ಮಳೆಗೆ ಹುಲ್ಲು ಮೊಳಕಾಲುದ್ದ ಬೆಳೆದು ಕಾಲುದಾರಿಯನ್ನು ಮುಚ್ಚಿರುತ್ತದೆ. ಆಗ ಒದ್ದೆ ಕೈಯಲ್ಲಿ ಒತ್ತಿದರೂ ಕೆಲಸ ಮಾಡಬೇಕು, ಬಂದ ದಾರಿಯಲ್ಲೇ ಹಿಂದಕ್ಕೆ ಕರೆದುಕೊಂಡು ಹೋಗಬೇಕು. ನಾನು ಸಾಧನಗಳನ್ನು ಅಳೆಯುವುದು ಈ ಎರಡರಿಂದಲೇ. ಪರದೆಯ ಗಾತ್ರ, ಬಣ್ಣ, ನೂರೆಂಟು ಸೌಲಭ್ಯ ಎಲ್ಲ ಆಮೇಲಿನ ಮಾತು.

ಫೋನ್ ಸಾಕಾಗುವುದಿಲ್ಲವೇ?

ತುಂಬ ಜನರಿಗೆ ಸಾಕಾಗುತ್ತದೆ, ಹೊಸದೊಂದು ಸಾಧನಕ್ಕೆ ಹಣ ಹಾಕುವ ಮೊದಲು ಇದನ್ನು ಯೋಚಿಸಬೇಕು. ಫೋನಿನೊಳಗಿನ ಜಿಪಿಎಸ್‌ಗೆ ನೆಟ್‌ವರ್ಕ್ ಬೇಕೇ ಬೇಕು ಎಂಬ ತಪ್ಪು ತಿಳಿವಳಿಕೆ ಇನ್ನೂ ಹೋಗಿಲ್ಲ. ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುವ ಉಪಗ್ರಹಗಳ ಸಂಕೇತವನ್ನು ಫೋನ್ ನೇರವಾಗಿಯೇ ಹಿಡಿಯುತ್ತದೆ. ನಾಲ್ಕು ಉಪಗ್ರಹ ಸಿಕ್ಕರೆ ನೀವು ಎಲ್ಲಿದ್ದೀರಿ, ಎಷ್ಟು ಎತ್ತರದಲ್ಲಿದ್ದೀರಿ ಎಂಬ ಲೆಕ್ಕ ಸಿಗುತ್ತದೆ. ನೆಟ್‌ವರ್ಕ್ ಇದ್ದರೆ ಉಪಗ್ರಹಗಳು ಎಲ್ಲಿವೆ ಎಂಬ ಮಾಹಿತಿ ಬೇಗ ಇಳಿದು ಮೊದಲ ಗುರುತು ಕೆಲವೇ ಸೆಕೆಂಡಿನಲ್ಲಿ ಸಿಗುತ್ತದೆ, ಅಷ್ಟೇ. ಇಲ್ಲದಿದ್ದರೆ ಒಂದೆರಡು ನಿಮಿಷ ಬಯಲಲ್ಲಿ ಕಾಯಬೇಕು. ಓಸ್ಮ್ಯಾಂಡ್, ಆರ್ಗ್ಯಾನಿಕ್ ಮ್ಯಾಪ್ಸ್‌ನಂಥ ಆ್ಯಪ್‌ಗಳಲ್ಲಿ ಮಹಾರಾಷ್ಟ್ರದ ನಕ್ಷೆಯನ್ನು ಮನೆಯಲ್ಲೇ ಇಳಿಸಿಕೊಂಡು, ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿಕೊಂಡು ನಡೆದರೆ ಬ್ಯಾಟರಿ ಇಡೀ ದಿನ ಬಾಳುತ್ತದೆ. ಬೋರಿವಲಿಯ ರಾಷ್ಟ್ರೀಯ ಉದ್ಯಾನದಲ್ಲಿ ಕಾನ್ಹೇರಿ ಗುಹೆಗಳವರೆಗೆ ಹೋಗಿ ಬರುವವರು, ಪುಣೆಯ ವೇತಾಳ ಟೇಕಡಿ ಗುಡ್ಡದಲ್ಲಿ ನವಿಲು ನೋಡುವವರು, ವರ್ಷಕ್ಕೆ ಎರಡು ಸಲ ಗುಂಪಿನ ಜೊತೆ ಹೋಗುವವರು ಇಲ್ಲಿಗೇ ನಿಲ್ಲಬಹುದು. ಒಂದು ಪವರ್ ಬ್ಯಾಂಕು, ನೀರು ಹೋಗದ ಚೀಲ ತಗೊಂಡರೆ ಅವರ ಖರ್ಚು ಮುಗಿಯಿತು.

ಫೋನ್ ಸೋಲುವುದು ಎಲ್ಲಿ ಎಂದು ನಾನು ಕಣ್ಣಾರೆ ಕಂಡದ್ದು ಹರಿಶ್ಚಂದ್ರಗಡದ ಮೇಲೆ. 1,424 ಮೀಟರ್ ಎತ್ತರದ ಈ ಗಡಕ್ಕೆ ಖಿರೇಶ್ವರದ ಕಡೆಯಿಂದ ಹತ್ತಿದರೆ ಮೊದಲು ತೋಲಾರ ಖಿಂಡ ಎಂಬ ಕಣಿವೆದಾರಿ ಸಿಗುತ್ತದೆ. ಅಲ್ಲಿಂದ ಕಬ್ಬಿಣದ ಕಂಬಿ ಹಿಡಿದು ಬಂಡೆ ಏರಬೇಕು. ಮೇಲೆ ಸಮತಟ್ಟಿನಂಥ ಜಾಗ, ಒಂದರ ಹಿಂದೊಂದು ಸಣ್ಣ ಸಣ್ಣ ದಿನ್ನೆಗಳು. ಒಂದು ದಿನ್ನೆಯಂತೆಯೇ ಇನ್ನೊಂದು. ಆಗಸ್ಟ್ ತಿಂಗಳು, ಮಧ್ಯಾಹ್ನ ಎರಡು ಗಂಟೆ, ಮಳೆ ಅಡ್ಡಡ್ಡ ಬೀಸುತ್ತಿತ್ತು. ನನ್ನ ಫೋನಿನಲ್ಲಿ ನಕ್ಷೆ ಇತ್ತು, ಮೊದಲಿನವರು ನಡೆದ ಟ್ರ್ಯಾಕೂ ಇತ್ತು. ಆದರೆ ಚೀಲದಿಂದ ತೆಗೆದ ಕೂಡಲೇ ಮಳೆಹನಿಗಳು ಪರದೆಯನ್ನು ಒತ್ತತೊಡಗಿದವು. ನಕ್ಷೆ ತಾನೇ ಹಿಗ್ಗಿತು, ತಾನೇ ಸರಿದು ಎಲ್ಲೋ ನಾಶಿಕದ ಕಡೆ ಹೋಗಿ ನಿಂತಿತು. ಬೆರಳನ್ನು ಅಂಗಿಗೆ ಒರೆಸಿದರೆ ಅಂಗಿಯೂ ಒದ್ದೆ. ಈಗಿನ ಫೋನುಗಳ ಪರದೆ ಬೆರಳಿನ ವಿದ್ಯುತ್ ಸ್ಪರ್ಶವನ್ನು ಗುರುತಿಸುವಂಥದ್ದು, ನೀರಿನ ಪೊರೆಯೂ ಅದಕ್ಕೆ ಬೆರಳಿನಂತೆಯೇ. ಜೊತೆಗೆ, ಬೆಳಿಗ್ಗೆ ಏರೋಪ್ಲೇನ್ ಮೋಡ್ ಹಾಕಿರಲಿಲ್ಲ. ಫೋನ್ ಇಡೀ ದಾರಿ ಟವರ್ ಹುಡುಕುತ್ತ ಬ್ಯಾಟರಿಯನ್ನು ಖಾಲಿ ಮಾಡಿಕೊಂಡಿತ್ತು.

ಜೊತೆಗಿದ್ದ ಕಾಕಾನ ಕೊರಳಲ್ಲಿ ಗಾರ್ಮಿನ್ ಕಂಪನಿಯ ಹಳೆಯ ಹಳದಿ ಜಿಪಿಎಸ್ ಸಾಧನ, ಇಟ್ರೆಕ್ಸ್ 10, ನೇತಾಡುತ್ತಿತ್ತು. ಕಪ್ಪುಬಿಳುಪು ಪರದೆ, ನಕ್ಷೆ ಇಲ್ಲ. ಅವರು ಖಿಂಡದಲ್ಲಿ ನಿಂತಾಗಲೇ ಒಂದು ಗುರುತು ಹಾಕಿಟ್ಟಿದ್ದರು. ಪರದೆಯ ಮೇಲೆ ನೀರು ಹರಿಯುತ್ತಿದ್ದಂತೆಯೇ ಹೆಬ್ಬೆರಳಿನಿಂದ ಸಣ್ಣ ಗುಂಡಿಯನ್ನು ಎರಡು ಸಲ ಒತ್ತಿದರು. ನಾವು ಬಂದ ದಾರಿ ಕರಿಯ ಗೆರೆಯಾಗಿ ಕಾಣಿಸಿತು. ನಾವಿದ್ದ ಜಾಗದ ತ್ರಿಕೋನ ಆ ಗೆರೆಯಿಂದ ಆಚೆ, ಎಡಕ್ಕೆ ಸರಿದಿತ್ತು. ನಾನು ಬಾಣ ಯಾವ ಕಡೆ ಎಂದು ಇಣುಕಿದಾಗ ಅವರು, "ನಿಂತು ನೋಡಬ್ಯಾಡೋ, ಅದು ಸುಳ್ಳು ಹೇಳ್ತದ. ಹತ್ತು ಹೆಜ್ಜಿ ನಡಿ, ಆಮ್ಯಾಲೆ ನೋಡು" ಅಂದರು. ಬಂದ ಕಡೆಗೇ ನಿಧಾನ ನಡೆದೆವು, ಬಾಣ ತಿರುಗಿ ನೆಟ್ಟಗಾಯಿತು. ಇನ್ನೂ ಸ್ವಲ್ಪ ನಡೆದಾಗ ಬಂಡೆಯ ಮೇಲೆ ಬಿಳಿ ಬಣ್ಣದಲ್ಲಿ ಬರೆದ ಬಾಣದ ಗುರುತು ಸಿಕ್ಕಿತು.

ಆ "ಹತ್ತು ಹೆಜ್ಜಿ"ಯ ಮಾತಿನಲ್ಲಿ ಒಂದು ಮುಖ್ಯ ಸಂಗತಿ ಇದೆ, ಅಂಗಡಿಯಲ್ಲಿ ಯಾರೂ ಅದನ್ನು ಹೇಳುವುದಿಲ್ಲ. ಕೆಲವು ಸಾಧನಗಳಲ್ಲಿ ದಿಕ್ಸೂಚಿ ಇರುವುದೇ ಇಲ್ಲ. ನೀವು ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಸರಿದಾಗ ಮಾತ್ರ ಅವು ದಿಕ್ಕನ್ನು ಲೆಕ್ಕ ಹಾಕುತ್ತವೆ. ನಿಂತರೆ ಬಾಣ ಮನಸ್ಸಿಗೆ ಬಂದಂತೆ ತಿರುಗುತ್ತದೆ. ಬಯಲಲ್ಲಿ ಇದೇನೂ ತೊಂದರೆಯಲ್ಲ. ಆದರೆ ಮಂಜಿನಲ್ಲಿ, ಪಕ್ಕದಲ್ಲಿ ಕೊಂಕಣ ಕಡಾದಂಥ ಪ್ರಪಾತ ಇರುವಾಗ ಹತ್ತು ಹೆಜ್ಜೆ ಸುಮ್ಮನೆ ನಡೆದು ನೋಡು ಎನ್ನುವುದು ಸಣ್ಣ ಮಾತಲ್ಲ. ಅಂದಿನಿಂದ ಯಾರು ಕೇಳಿದರೂ ನಾನು ಒಳಗೆ ದಿಕ್ಸೂಚಿ ಇರುವ ಸಾಧನವನ್ನೇ ಹೇಳುತ್ತೇನೆ.

ನಾಲ್ಕರ ನಡುವೆ

ಅಕ್ಕನ ಮಗ ಕಳಿಸಿದ ನಾಲ್ಕೂ ಗಾರ್ಮಿನ್ ಕಂಪನಿಯವು: ಇಟ್ರೆಕ್ಸ್ ಎಸ್‌ಇ, ಇಟ್ರೆಕ್ಸ್ 22ಎಕ್ಸ್, ಅದರ ಅಣ್ಣ 32ಎಕ್ಸ್, ಮತ್ತು ಜಿಪಿಎಸ್‌ಮ್ಯಾಪ್ 67. ಐದನೆಯದಾಗಿ ಜಿಪಿಎಸ್‌ಮ್ಯಾಪ್ 65ಎಸ್ ಅನ್ನು ನಾನೇ ಸೇರಿಸಿದೆ. ಬೆಲೆಯಲ್ಲಿ ಎಸ್‌ಇ ಕೆಳಗಿನ ಮೆಟ್ಟಿಲು, 67 ಮೇಲಿನದು.

22ಎಕ್ಸ್ ಮತ್ತು 32ಎಕ್ಸ್ ಹೊರಗಿನಿಂದ ನೋಡಿದರೆ ಅವಳಿ ಜವಳಿ. 2019ರಲ್ಲಿ ಬಂದವು. ಎರಡರಲ್ಲೂ 2.2 ಇಂಚಿನ ಬಣ್ಣದ ಪರದೆ, 8 ಜಿಬಿ ಜಾಗ, ಮೆಮೊರಿ ಕಾರ್ಡಿಗೆ ಗೂಡು, ಎರಡು ಪೆನ್ಸಿಲ್ ಸೆಲ್ಲಿನಲ್ಲಿ 25 ಗಂಟೆ. 32ಎಕ್ಸ್‌ನಲ್ಲಿ ಹೆಚ್ಚಿಗೆ ಇರುವುದು ದಿಕ್ಸೂಚಿ ಮತ್ತು ಗಾಳಿಯ ಒತ್ತಡದಿಂದ ಎತ್ತರ ಅಳೆಯುವ ಮಾಪಕ. ಅಂಗಡಿಯವರು "ಎರಡೂ ಒಂದೇ, ಸುಮ್ಮನೆ ಯಾಕೆ ಹೆಚ್ಚಿಗೆ ಕೊಡುತ್ತೀರಿ" ಎಂದು 22ಎಕ್ಸ್ ಕಟ್ಟಿಕೊಡಲು ನೋಡುತ್ತಾರೆ. ಮೇಲೆ ಹೇಳಿದ ಹತ್ತು ಹೆಜ್ಜೆಯ ಕಾರಣಕ್ಕೆ ನಾನು ಒಪ್ಪುವುದಿಲ್ಲ. ನಕ್ಷೆ ಇರುವ ಇಟ್ರೆಕ್ಸ್ ಬೇಕಾದರೆ 32ಎಕ್ಸ್ ತಗೊಳ್ಳಿ. ಹಣ ಸಾಲದಿದ್ದರೆ 22ಎಕ್ಸ್‌ಗೆ ಹೋಗುವ ಬದಲು ಎಸ್‌ಇಗೆ ಇಳಿಯಿರಿ.

ಯಾಕೆಂದರೆ ಎಸ್‌ಇಯಲ್ಲಿ ದಿಕ್ಸೂಚಿ ಇದೆ. 2023ರಲ್ಲಿ ಬಂದ ಈ ಕಪ್ಪುಬಿಳುಪು ಸಾಧನಕ್ಕೆ ಎರಡು ಪೆನ್ಸಿಲ್ ಸೆಲ್ಲಿನಲ್ಲಿ 168 ಗಂಟೆ ಎಂದು ಕಂಪನಿ ಹೇಳುತ್ತದೆ, ಅಂದರೆ ಇಡೀ ಒಂದು ವಾರ. ಅಮೆರಿಕದ ಜಿಪಿಎಸ್ ಜೊತೆಗೆ ರಷ್ಯಾದ ಗ್ಲೋನಾಸ್, ಯುರೋಪಿನ ಗೆಲಿಲಿಯೋ, ಚೀನಾದ ಬೈದೌ ಉಪಗ್ರಹಗಳನ್ನೂ ಹಿಡಿಯುತ್ತದೆ. 22ಎಕ್ಸ್, 32ಎಕ್ಸ್ ಹಿಡಿಯುವುದು ಜಿಪಿಎಸ್ ಮತ್ತು ಗ್ಲೋನಾಸ್ ಮಾತ್ರ. ಕಣಿವೆಯಲ್ಲಿ ಆಕಾಶದ ಒಂದು ಪಟ್ಟಿ ಮಾತ್ರ ಕಾಣುವಾಗ ಆ ಪಟ್ಟಿಯಲ್ಲಿ ಎಷ್ಟು ಉಪಗ್ರಹ ಸಿಗುತ್ತವೆ ಎಂಬುದು ಲೆಕ್ಕಕ್ಕೆ ಬರುತ್ತದೆ. ಆದರೆ ಎಸ್‌ಇಯಲ್ಲಿ ನಕ್ಷೆ ಇಲ್ಲ. ಬಿಳಿ ಬಯಲಿನ ಮೇಲೆ ನಿಮ್ಮ ಗೆರೆ, ನಿಮ್ಮ ಗುರುತು, ಮುಂಚೆಯೇ ತುಂಬಿಕೊಂಡ ದಾರಿಯ ಗೆರೆ ಮಾತ್ರ. ಎಡಕ್ಕೆ ಹಳ್ಳಿ ಇದೆಯೋ, ಕೆಳಗೆ ನೀರಿದೆಯೋ ಅದು ಹೇಳುವುದಿಲ್ಲ. ಫೋನಿನಲ್ಲಿ ನಕ್ಷೆ ನೋಡಿಕೊಂಡೇ ನಡೆಯುವವರು, ಫೋನ್ ಕೈಕೊಟ್ಟಾಗ ತಿರುಗಿ ಬರಲು ಒಂದು ಆಸರೆ ಬೇಕು ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಜೋಡಿ ಇಲ್ಲ. ಅದಕ್ಕೆ ದಾರಿ ತುಂಬಿಸುವುದೂ ಫೋನಿನ ಆ್ಯಪ್ ಮೂಲಕವೇ ಸುಲಭ.

65ಎಸ್ ಬೇರೆ ಜಾತಿಯದು. ಅದು ಉಪಗ್ರಹದ ಎರಡು ತರಂಗಗಳನ್ನು ಒಟ್ಟಿಗೆ ಕೇಳುತ್ತದೆ, 1575.42 ಮೆಗಾಹರ್ಟ್ಸ್‌ನ ಹಳೆಯ ಎಲ್1 ಮತ್ತು 1176.45 ಮೆಗಾಹರ್ಟ್ಸ್‌ನ ಹೊಸ ಎಲ್5. ಇದರಿಂದ ಏನಾಗುತ್ತದೆ ಎಂದು ತಿಳಿಯಬೇಕಾದರೆ ಸಾಮ್ರಾದ ಹಳ್ಳಿಯ ಸಾಂಧಣ ಕಣಿವೆಗೆ ಇಳಿಯಬೇಕು. ಎರಡೂ ಕಡೆ ಕರಿಗಲ್ಲಿನ ಗೋಡೆ, ಕೆಲವು ಕಡೆ ಕೈಚಾಚಿದರೆ ಎರಡೂ ಗೋಡೆ ಮುಟ್ಟುವಷ್ಟು ಇಕ್ಕಟ್ಟು. ಉಪಗ್ರಹದ ಸಂಕೇತ ನೇರವಾಗಿ ಬರದೆ ಗೋಡೆಗೆ ಬಡಿದು ತಡವಾಗಿ ಬರುತ್ತದೆ. ಸಾಧನ ದೂರವನ್ನು ಅಳೆಯುವುದೇ ಸಂಕೇತ ಬಂದ ಸಮಯದಿಂದ. ಬೆಳಕಿನ ವೇಗದಲ್ಲಿ ಬರುವ ಸಂಕೇತ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗ ತಡವಾದರೆ ಲೆಕ್ಕ 300 ಮೀಟರ್ ತಪ್ಪುತ್ತದೆ. ಎಲ್5 ಸಂಕೇತದ ಮಿಡಿತ ಎಲ್1ಕ್ಕಿಂತ ಹತ್ತು ಪಟ್ಟು ಚುರುಕು, ಹಾಗಾಗಿ ನೇರ ಸಂಕೇತ ಯಾವುದು, ಗೋಡೆಯ ಪ್ರತಿಧ್ವನಿ ಯಾವುದು ಎಂದು ಬೇರ್ಪಡಿಸುವುದು ಸುಲಭ. ಸಾಂಧಣದಲ್ಲಿ ನನ್ನ ಇಟ್ರೆಕ್ಸ್ ಗೀಚಿದ ಗೆರೆ ಕಣಿವೆ ಬಿಟ್ಟು ಎರಡೂ ಗೋಡೆಯ ಮೇಲೆ ಹತ್ತಿ ಇಳಿದಿತ್ತು. ಜೊತೆಗಾರನ 65ಎಸ್‌ನ ಗೆರೆ ಅಲ್ಲಲ್ಲಿ ಸೊಟ್ಟಾದರೂ ಕಣಿವೆಯೊಳಗೇ ಇತ್ತು. ನಮ್ಮ ಇಸ್ರೋದ ನಾವಿಕ್ ಉಪಗ್ರಹಗಳನ್ನೂ ಅದು ಬಳಸಿಕೊಳ್ಳುತ್ತದೆ, ಅವು ಎಲ್5 ತರಂಗದಲ್ಲೇ ಮಾತಾಡುವಂಥವು.

ಇಷ್ಟು ಹೇಳಿಯೂ, 65ಎಸ್ ಎಲ್ಲರಿಗೂ ಬೇಕು ಎನ್ನಲಾರೆ. ಬೆಟ್ಟದ ನೆತ್ತಿಯ ಮೇಲೆ, ರಾಜಗಡದಿಂದ ತೋರಣಾಕ್ಕೆ ಹೋಗುವ ಏಣಿನಂಥ ದಾರಿಯಲ್ಲಿ, ಆಕಾಶ ತೆರೆದಿರುವಾಗ ಇಟ್ರೆಕ್ಸ್ ತೋರಿಸುವ ಜಾಗಕ್ಕೂ 65ಎಸ್ ತೋರಿಸುವ ಜಾಗಕ್ಕೂ ಇರುವ ವ್ಯತ್ಯಾಸ ನಡೆಯುವವನಿಗೆ ಗೊತ್ತೇ ಆಗುವುದಿಲ್ಲ. ಗಿಡಮರಗಳ ಪಟ್ಟಿ ಮಾಡುವವರು, ನೀರಿನ ಟಾಕಿ, ಹಳೆಯ ಮೆಟ್ಟಿಲು, ಶಾಸನ ಎಲ್ಲಿವೆ ಎಂದು ದಾಖಲಿಸುವವರು, ಜನರೇ ಸೇರಿ ಮಾಡುವ ಪುಕ್ಕಟೆ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ದಾರಿ ಸೇರಿಸುವವರು ಇದಕ್ಕೆ ಹಣ ಹಾಕಲಿ. ಬ್ಯಾಟರಿ ಮಾತ್ರ ಐದರಲ್ಲಿ ಎಲ್ಲಕ್ಕಿಂತ ಕಡಿಮೆ, 16 ಗಂಟೆ.

ಆಂಟೆನಾದ ವಿಷಯವೂ ಇಲ್ಲಿಯೇ ಹೇಳಿಬಿಡುತ್ತೇನೆ. ಇಟ್ರೆಕ್ಸ್‌ನೊಳಗಿರುವುದು ಚಪ್ಪಟೆ ಬಿಲ್ಲೆಯಂಥ ಆಂಟೆನಾ, ಪರದೆ ಆಕಾಶ ನೋಡುವಂತೆ ಹಿಡಿದರೆ ಚೆನ್ನಾಗಿ ಕೇಳುತ್ತದೆ. 65ಎಸ್, 67ರ ತಲೆಯ ಮೇಲಿನ ಕೋಲಿನೊಳಗೆ ಸುರುಳಿ ಸುತ್ತಿದ ಆಂಟೆನಾ ಇದೆ, ಅದನ್ನು ನೆಟ್ಟಗೆ ನಿಲ್ಲಿಸಿದರೆ ಒಳ್ಳೆಯದು. ಬ್ಯಾಗಿನ ಭುಜದ ಪಟ್ಟಿಗೆ ನೆಟ್ಟಗೆ ಸಿಕ್ಕಿಸಿಕೊಂಡು ನಡೆಯುವವರಿಗೆ ಎರಡನೆಯದು ಹೇಳಿ ಮಾಡಿಸಿದ್ದು. ಯಾವುದಾದರೂ ಸರಿ, ಪ್ಯಾಂಟಿನ ಜೇಬಿನಲ್ಲಿ ಇಟ್ಟುಕೊಳ್ಳಬೇಡಿ. ನಮ್ಮ ಮೈಯೂ ನೀರಿನ ಚೀಲವೇ, ಸಂಕೇತವನ್ನು ಹೀರಿಬಿಡುತ್ತದೆ. ಒದ್ದೆ ಎಲೆಗಳ ದಟ್ಟ ಮರಗಳೂ ಹಾಗೆಯೇ. ಅಂಧಾರಬನದಲ್ಲಿ, ಭೀಮಾಶಂಕರದ ಕಾಡಿನಲ್ಲಿ ಮಳೆಗಾಲದ ಗೆರೆ ಬೇಸಿಗೆಯ ಗೆರೆಗಿಂತ ಹೆಚ್ಚು ಅಲುಗಾಡಿರುತ್ತದೆ.

67 ಬಗ್ಗೆ ಹೆಚ್ಚು ಹೇಳುವುದಿಲ್ಲ. 3 ಇಂಚಿನ ಪರದೆ, ಎರಡು ತರಂಗ, ಒಳಗೇ ಕೂಡಿಸಿದ ಬ್ಯಾಟರಿಯಲ್ಲಿ 180 ಗಂಟೆ. ಹಿಮಾಲಯಕ್ಕೆ ಹತ್ತು ದಿನ ಹೋಗುವವರಿಗೆ ಅದು ಬೇಕಾಗುತ್ತದೆ. ಲೋಣಾವಳಾಕ್ಕೆ ಹೋಗಿ ಸಂಜೆ ಬರುವವರಿಗೆ ಆ ಹಣದಲ್ಲಿ ಒಳ್ಳೆಯ ಬೂಟು, ರೇನ್‌ಕೋಟು, ಒಂದು ಎಸ್‌ಇ ಮೂರೂ ಬರುತ್ತವೆ. ಗಾರ್ಮಿನ್‌ನದೇ ಮೊಂಟಾನಾದಂಥ ದೊಡ್ಡ ಟಚ್ ಪರದೆಯವು ಬೈಕಿಗೆ, ಜೀಪಿಗೆ ಸರಿ. ಕೈಯಲ್ಲಿ ಹಿಡಿದು ಮಳೆಯಲ್ಲಿ ನಡೆಯುವವರಿಗೆ ಗುಂಡಿಗಳಿರುವುದೇ ಮೇಲು. ಜಿಪಿಎಸ್ ವಾಚು ದಾರಿ ದಾಖಲಿಸುತ್ತದೆ, ಆದರೆ ನಾಲ್ಕು ಮಂದಿ ತಲೆ ಕೂಡಿಸಿ ದಾರಿ ಹುಡುಕುವಾಗ ಮಣಿಕಟ್ಟು ಸಾಲುವುದಿಲ್ಲ.

ಸೆಲ್ಲು, ಪರದೆ

ಪೆನ್ಸಿಲ್ ಸೆಲ್ ಹಾಕುವ ಸಾಧನದ ದೊಡ್ಡ ಅನುಕೂಲ, ರಾಜಗಡದ ಬುಡದ ಹಳ್ಳಿ ಗುಂಜವಣೆಯ ಕಿರಾಣಿ ಅಂಗಡಿಯಲ್ಲೂ ಸೆಲ್ ಸಿಗುತ್ತದೆ. ಆದರೆ ಗೋಡೆ ಗಡಿಯಾರಕ್ಕೆ ಹಾಕುವ ಅಗ್ಗದ ಸೆಲ್ಲು ಜಿಪಿಎಸ್‌ನಲ್ಲಿ ಹೆಚ್ಚು ಹೊತ್ತು ಬಾಳುವುದಿಲ್ಲ, ಅದು ತುರ್ತಿಗೆ ಮಾತ್ರ. ದಿನಬಳಕೆಗೆ ನಿಕಲ್ ಮೆಟಲ್ ಹೈಡ್ರೈಡ್‌ನ ರೀಚಾರ್ಜ್ ಸೆಲ್ಲು ನಾಲ್ಕು ಇಟ್ಟುಕೊಳ್ಳಿ, ಎರಡು ಒಳಗೆ, ಎರಡು ಬ್ಯಾಗಿನಲ್ಲಿ. ಸೆಟ್ಟಿಂಗಿನಲ್ಲಿ ಸೆಲ್ಲಿನ ಜಾತಿಯನ್ನು ಬದಲಿಸುವುದನ್ನು ಮರೆಯಬೇಡಿ. ರೀಚಾರ್ಜ್ ಸೆಲ್ಲಿನದು 1.2 ವೋಲ್ಟ್, ಸಾಮಾನ್ಯ ಸೆಲ್ಲಿನದು 1.5. ಜಾತಿ ತಪ್ಪಿದ್ದರೆ ಸೆಲ್ ತುಂಬಿದ್ದರೂ ಖಾಲಿಯಾದಂತೆ ತೋರಿಸುತ್ತದೆ. ಇನ್ನೊಂದು ಎಚ್ಚರ: ಐಪಿಎಕ್ಸ್7 ಎಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಇದ್ದರೂ ಒಳಗೆ ನೀರು ಹೋಗದು ಎಂದು, ಆದರೆ ಅದು ಹಿಂದಿನ ಮುಚ್ಚಳ ಸರಿಯಾಗಿ ಕೂತಿದ್ದರೆ. ಸುರಿಯುವ ಮಳೆಯಲ್ಲಿ ಮುಚ್ಚಳ ತೆಗೆದು ಸೆಲ್ ಬದಲಿಸಿದರೆ ಆ ಭರವಸೆ ಅಲ್ಲಿಗೆ ಮುಗಿಯಿತು. ಗಡದ ದೇವಸ್ಥಾನದಲ್ಲೋ, ಕೊಡೆ ಹಿಡಿದೋ ಬದಲಿಸಿ. ಸೆಲ್ ಬದಲಿಸಿದ ಮೇಲೆ ದಿಕ್ಸೂಚಿಯನ್ನೂ ಹೊಸದಾಗಿ ಸರಿಹೊಂದಿಸಬೇಕು, ಪರದೆಯಲ್ಲಿ ತೋರಿಸಿದಂತೆ ಸಾಧನವನ್ನು ಮೂರು ಬಗೆಯಲ್ಲಿ ತಿರುಗಿಸಿದರೆ ಆಯಿತು. ಸಹ್ಯಾದ್ರಿಯ ಕರಿಗಲ್ಲು ಲಾವಾ ಆರಿ ಆದದ್ದು, ಕೆಲವು ಬಂಡೆಗಳಲ್ಲಿ ಅಯಸ್ಕಾಂತದ ಗುಣ ಇರುತ್ತದೆ. ಬಂಡೆಗೆ ಆತು ನಿಂತು ದಿಕ್ಕು ನೋಡಬೇಡಿ, ಆಯಸ್ಕಾಂತದ ಗುಂಡಿಯಿರುವ ಫೋನ್ ಕವರನ್ನೂ ದೂರವಿಡಿ.

ಈ ಸಾಧನಗಳ ಪರದೆ ಫೋನಿನಷ್ಟು ಹೊಳಪಿಲ್ಲ, ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಮಂಕಾಗಿ ಕಂಡು ಮನಸ್ಸು ಕೆಡುತ್ತದೆ. ಹೊರಗೆ ಬಿಸಿಲಿಗೆ ತಂದು ನೋಡಿ. ಬಿದ್ದ ಬೆಳಕನ್ನೇ ತಿರುಗಿಸಿ ತೋರಿಸುವ ಪರದೆ ಇದು, ಬಿಸಿಲು ಹೆಚ್ಚಿದಷ್ಟೂ ಸ್ಪಷ್ಟ.

ಎತ್ತರ, ನಕ್ಷೆ, ಅಂಕಿ

ಮುಂಬೈಯ ಜುಹು ದಂಡೆಯಲ್ಲಿ ನಿಂತು ಫೋನಿನ ಕೆಲವು ಆ್ಯಪ್‌ಗಳಲ್ಲಿ ಎತ್ತರ ನೋಡಿದರೆ ಸಮುದ್ರಮಟ್ಟಕ್ಕಿಂತ 60 ಮೀಟರಿಗೂ ಕೆಳಗೆ ಇದ್ದೀರಿ ಎನ್ನುತ್ತದೆ. ಯಂತ್ರ ಕೆಟ್ಟಿಲ್ಲ. ಜಿಪಿಎಸ್ ಎತ್ತರ ಅಳೆಯುವುದು ಭೂಮಿಯನ್ನು ಒಂದು ನಯವಾದ ದೀರ್ಘಗೋಳ ಎಂದುಕೊಂಡು. ಭಾರತದ ಸುತ್ತ ಭೂಮಿಯ ಗುರುತ್ವ ಕಡಿಮೆ ಇರುವುದರಿಂದ ನಿಜವಾದ ಸಮುದ್ರಮಟ್ಟ ಆ ಗೋಳಕ್ಕಿಂತ ಕೆಳಗೆ ಕೂತಿದೆ. ಕೈ ಜಿಪಿಎಸ್‌ಗಳು ಈ ವ್ಯತ್ಯಾಸವನ್ನು ತಾವೇ ಕಳೆದು ತೋರಿಸುತ್ತವೆ.

ಒತ್ತಡದ ಮಾಪಕ ಇರುವ 32ಎಕ್ಸ್, 65ಎಸ್, 67ರಲ್ಲಿ ಏರಿಳಿತ ಇನ್ನೂ ನಯವಾಗಿ ಸಿಗುತ್ತದೆ. ಸಮುದ್ರಮಟ್ಟದ ಹತ್ತಿರ ಸುಮಾರು 8 ಮೀಟರ್ ಏರಿದರೆ ಒತ್ತಡ ಒಂದು ಮಿಲಿಬಾರ್ ಇಳಿಯುತ್ತದೆ. ಆದರೆ ಮಳೆಮೋಡ ಬಂದರೂ ಒತ್ತಡ ಇಳಿಯುತ್ತದೆ, ಆಗ ನೀವು ಕೂತಲ್ಲೇ ಬೆಟ್ಟ ಹತ್ತಿದಂತೆ ತೋರಿಸುತ್ತದೆ. ಅದಕ್ಕೇ ಹೊರಡುವಾಗ ಗೊತ್ತಿರುವ ಎತ್ತರಕ್ಕೆ ಹೊಂದಿಸಬೇಕು. ನಮಗೆ ಆ ಎತ್ತರ ಪುಕ್ಕಟೆ ಸಿಗುತ್ತದೆ: ರೈಲ್ವೆ ಸ್ಟೇಷನ್ನಿನ ಹಳದಿ ಫಲಕದಲ್ಲಿ ಊರಿನ ಹೆಸರಿನ ಕೆಳಗೆ ಸಮುದ್ರಮಟ್ಟದಿಂದ ಎಷ್ಟು ಎತ್ತರ ಎಂದು ಬರೆದಿರುತ್ತಾರೆ. ಲೋಣಾವಳಾದಲ್ಲಿ ಇಳಿದ ಕೂಡಲೇ ಫಲಕ ನೋಡಿ ಹೊಂದಿಸಿಕೊಂಡರೆ ಆ ದಿನದ ಎತ್ತರ ನಂಬಬಹುದು.

ನಕ್ಷೆಯ ವಿಷಯದಲ್ಲಿ ಒಂದು ಸಲಹೆ. ಅಮೆರಿಕದಲ್ಲಿರುವ ನೆಂಟರ ಕೈಯಲ್ಲಿ ತರಿಸಿದರೆ ಸಾಧನದೊಳಗೆ ಅಲ್ಲಿಯ ನಕ್ಷೆಯೇ ಇರುತ್ತದೆ. ಹೆದರಬೇಕಿಲ್ಲ, ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ಮಾಡಿದ ಭಾರತದ ನಕ್ಷೆ ಪುಕ್ಕಟೆ ಸಿಗುತ್ತದೆ, ಮೆಮೊರಿ ಕಾರ್ಡಿಗೆ ಹಾಕಿದರೆ ಸಾಕು. ಅದರ ಎತ್ತರದ ಗೆರೆಗಳನ್ನು ಮಾತ್ರ ಕಣ್ಣುಮುಚ್ಚಿ ನಂಬಬೇಡಿ. ಇಂಥ ನಕ್ಷೆಗಳ ಎತ್ತರದ ಗೆರೆಗಳು ಹೆಚ್ಚಾಗಿ 2000ದ ಫೆಬ್ರವರಿಯಲ್ಲಿ ಅಮೆರಿಕದ ಗಗನನೌಕೆ ರೇಡಾರಿನಿಂದ ಅಳೆದ ಅಂಕಿಗಳಿಂದ ಬಂದವು. ಸುಮಾರು 30 ಮೀಟರಿಗೊಂದು ಬಿಂದು. ನೆಟ್ಟಗೆ ಬೀಳುವ ಕಡಾ ಅದರಲ್ಲಿ ಇಳಿಜಾರಿನಂತೆ ಕಾಣಬಹುದು. ನಕ್ಷೆಯಲ್ಲಿ ದಾರಿ ಇದ್ದಂತೆ ಕಂಡರೂ ಮಂಜಿನಲ್ಲಿ ಹೊಸ ಕಡೆ ಇಳಿಯಬೇಡಿ, ಹತ್ತಿದ ದಾರಿಯಲ್ಲೇ ಇಳಿಯಿರಿ. ಸರ್ವೆ ಆಫ್ ಇಂಡಿಯಾದ ಹಳೆಯ ಟೊಪೊಶೀಟ್ (ಎತ್ತರದ ಗೆರೆಗಳಿರುವ ಕಾಗದದ ನಕ್ಷೆ) ಇಟ್ಟುಕೊಂಡವರು ಇನ್ನೊಂದು ನೆನಪಿಡಬೇಕು. ಅಕ್ಷಾಂಶ ರೇಖಾಂಶ ಎಣಿಸಲು ಭೂಮಿಯ ಆಕಾರವನ್ನು ಅವು ಎವರೆಸ್ಟ್ ಎಂಬ ಹಳೆಯ ಅಳತೆಯಲ್ಲಿ ಹಿಡಿದಿವೆ, ಜಿಪಿಎಸ್ ಹಿಡಿದಿರುವುದು ಡಬ್ಲ್ಯೂಜಿಎಸ್84 ಎಂಬ ಬೇರೆ ಅಳತೆಯಲ್ಲಿ. ಸೆಟ್ಟಿಂಗ್ ಹೊಂದಿಸದೆ ಅಂಕಿ ತುಂಬಿದರೆ ಬಿಂದು ನೂರು ಮೀಟರಿನಷ್ಟು ಸರಿದು ಕೂರುತ್ತದೆ. 2005ರ ನಕ್ಷೆ ನೀತಿಯ ನಂತರ ಬಂದ ಜನಬಳಕೆಯ ನಕ್ಷೆಗಳು ಡಬ್ಲ್ಯೂಜಿಎಸ್84ರಲ್ಲೇ ಇವೆ.

ಇದಕ್ಕಿಂತ ದೊಡ್ಡ ತಪ್ಪನ್ನು ನಾವೇ ಮಾಡಿದ್ದೇವೆ. ರಾಜಗಡದಲ್ಲಿ ಸೇರುವ ಜಾಗವನ್ನು ಒಬ್ಬರು "18 14.8, 73 40.9" ಎಂದು ಮೆಸೇಜು ಮಾಡಿದ್ದರು, ಅಂದರೆ 18 ಡಿಗ್ರಿ 14.8 ಮಿನಿಟು. ಇನ್ನೊಬ್ಬರು ಅದನ್ನು 18.148, 73.409 ಎಂದು ತುಂಬಿಕೊಂಡರು. ಡಿಗ್ರಿಗೆ ಅರವತ್ತು ಮಿನಿಟು, ಹತ್ತಲ್ಲ. ಅವರ ಬಾಣ ರಾಜಗಡದಿಂದ 30 ಕಿ.ಮೀ. ಆಚೆ, ಘಟ್ಟದ ಕೆಳಗೆ ಮಹಾಡದ ಕಡೆ ತೋರಿಸುತ್ತಿತ್ತು. ಅವರು ಬಸ್‌ಸ್ಟ್ಯಾಂಡಿನಲ್ಲೇ ಫೋನ್ ಮಾಡಿ ಕೇಳಿದ್ದರಿಂದ ಗೊತ್ತಾಯಿತು. ಈಗ ಗುಂಪಿನ ಎಲ್ಲರ ಸಾಧನದಲ್ಲೂ ಒಂದೇ ಬಗೆಯ ಅಂಕಿ. ಭೂಮಿಯನ್ನು ಚೌಕಗಳಾಗಿ ಹಂಚಿ ಜಾಗ ಹೇಳುವ ಯುಟಿಎಂ ಪದ್ಧತಿ ಕಲಿತರೆ ಇನ್ನೂ ಸುಲಭ, ಎಲ್ಲ ಮೀಟರಿನಲ್ಲೇ ಇರುತ್ತದೆ. ಪುಣೆ, ಮುಂಬೈ 43ಕ್ಯೂ ಚೌಕದಲ್ಲಿವೆ, ಗೋವಾಕ್ಕೆ ಇಳಿದರೆ 43ಪಿ.

ಗೋವಾದವರಿಗೆ

ಗೋವಾದಲ್ಲಿ ಸಾಧನ ತಗೊಳ್ಳುವವರು ಹೆಸರಿನ ಕೊನೆಯ ಒಂದು ಅಕ್ಷರವನ್ನು ಕಣ್ಣಿಟ್ಟು ನೋಡಬೇಕು. 67 ಬೇರೆ, 67ಐ ಬೇರೆ. 'ಐ' ಇರುವವು ಮತ್ತು ಇನ್‌ರೀಚ್ ಹೆಸರಿನವು ಇರಿಡಿಯಂ ಉಪಗ್ರಹದ ಮೂಲಕ ಸಂದೇಶ ಕಳಿಸುತ್ತವೆ, ಆಪತ್ತಿನಲ್ಲಿ ಸಹಾಯ ಕೇಳುತ್ತವೆ. ಬೇರೆ ದೇಶಗಳಲ್ಲಿ ಅದು ಜೀವ ಉಳಿಸುವ ವಸ್ತು. ನಮ್ಮಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಇಟ್ಟುಕೊಂಡರೆ ಕಾನೂನು ಮುರಿದಂತೆ. 2024ರ ಡಿಸೆಂಬರಿನಲ್ಲಿ ಗೋವಾದ ವಿಮಾನ ನಿಲ್ದಾಣದಲ್ಲಿ ಇಂಥ ಸಾಧನ ಬ್ಯಾಗಿನಲ್ಲಿದ್ದ ವಿದೇಶಿ ಪ್ರವಾಸಿಯೊಬ್ಬರ ಮೇಲೆ ಪೊಲೀಸ್ ಕೇಸೇ ಆಯಿತು. ದುಬೈಯಿಂದ, ಅಮೆರಿಕದಿಂದ ತರುವ ತಮ್ಮಂದಿರಿಗೆ, ಅಳಿಯಂದಿರಿಗೆ ಇದನ್ನು ಮೊದಲೇ ಹೇಳಿ. ಸುಮ್ಮನೆ ಸಂಕೇತ ಕೇಳುವ ಜಿಪಿಎಸ್ ಬೇರೆ, ಉಪಗ್ರಹಕ್ಕೆ ಮಾತು ಕಳಿಸುವ ಸಾಧನ ಬೇರೆ ಎಂಬುದು ಸಹಾಯ ಮಾಡಲು ಹೋದವರಿಗೆ ಗೊತ್ತಿರುವುದಿಲ್ಲ.

ಮಾಂಡವಿ, ಜುವಾರಿಯ ಹಿನ್ನೀರಿನಲ್ಲಿ ಕಯಾಕ್ ಓಡಿಸುವವರಿಗೆ ಮೇಲಿನ ಐದೂ ಬೇಡ. ಇಟ್ರೆಕ್ಸ್ ನೀರು ತಡೆಯುತ್ತದೆ, ಆದರೆ ತೇಲುವುದಿಲ್ಲ, ಕೈ ಜಾರಿದರೆ ತಳ ಸೇರಿತು. ಜಿಪಿಎಸ್‌ಮ್ಯಾಪ್ 79ಎಸ್ ನೀರಿನಲ್ಲಿ ತೇಲುವಂತೆ ಮಾಡಿದ್ದು. ಮೊಲ್ಲೆಮ್ ಕಾಡಿನಲ್ಲಿ ಹಕ್ಕಿ ನೋಡುವವರು ಮಾತ್ರ ದಟ್ಟ ಎಲೆಯ ಕಾರಣಕ್ಕೆ 65ಎಸ್ ಬಗ್ಗೆ ಯೋಚಿಸಬಹುದು.

ಸೆಕೆಂಡ್‌ಹ್ಯಾಂಡ್ ಸಿಕ್ಕರೆ ಬೇಡ ಎನ್ನುವುದಿಲ್ಲ. ಮುಂಬೈಯ ಒಂದು ಅಂಗಡಿಯಲ್ಲಿ ನಾನು ಕೊಂಡದ್ದು ಮೂರನೇ ಮಳೆಗೆ ಒಳಗೆ ಹಬೆ ಕಟ್ಟಿಕೊಂಡಿತು, ಪಕ್ಕದ ರಬ್ಬರ್ ಪಟ್ಟಿ ಅಂಟು ಬಿಟ್ಟಿದ್ದನ್ನು ಅಂಗಡಿಯಲ್ಲಿ ನಾನು ನೋಡಿರಲಿಲ್ಲ. ರಬ್ಬರನ್ನು ಉಗುರಿನಿಂದ ಎಳೆದು ನೋಡಿ, ಸೆಲ್ ಕೂರುವ ಸ್ಪ್ರಿಂಗಿಗೆ ಹಸಿರು ಕಿಲುಬು ಹಿಡಿದಿದೆಯೇ ನೋಡಿ, ಕೇಬಲ್ ಹಾಕಿ ಕಂಪ್ಯೂಟರಿಗೆ ಜೋಡಿಸಿ ಫೈಲ್ ಕಾಣುತ್ತದೆಯೇ ನೋಡಿ, ಪ್ರತಿ ಗುಂಡಿಯನ್ನೂ ಒತ್ತಿ.

ಅಕ್ಕನ ಮಗ ಕೊನೆಗೆ 32ಎಕ್ಸ್ ತಗೊಂಡ. ಮೊದಲ ಭಾನುವಾರ ಯೇವೂರಿನ ಗುಡ್ಡದಲ್ಲಿ, ಅವನಿಗೆ ಗೊತ್ತಿರುವ ದಾರಿಯಲ್ಲೇ, ಫೋನನ್ನು ಬ್ಯಾಗಿನ ತಳಕ್ಕೆ ಹಾಕಿ ಒಂದು ತಾಸು ನಡೆದು ಬರಲು ಹೇಳಿದೆ. ಹೊರಡುವ ಜಾಗದಲ್ಲಿ ನಿಂತು ಉಪಗ್ರಹ ಸಿಗುವವರೆಗೆ ಕಾದು ಗುರುತು ಹಾಕುವುದು, ಪ್ರತಿ ಕವಲಿನಲ್ಲೂ ಒಂದೊಂದು ಗುರುತು, ತಿರುಗಿ ಬರುವಾಗ ಗೆರೆ ಹಿಡಿದೇ ಬರುವುದು, ಆಫ್ ಮಾಡುವ ಮೊದಲು ಟ್ರ್ಯಾಕ್ ಸೇವ್ ಮಾಡುವುದು. ಸಂಜೆ ಫೋನ್ ಮಾಡಿ, "ಮಾಮಾ, ನಿಂತಾಗೂ ಬಾಣ ಅಲಗಾಡ್ತದಲ್ಲ?" ಎಂದ. ಸೆಲ್ ಹಾಕಿದ ಮೇಲೆ ದಿಕ್ಸೂಚಿ ಹೊಂದಿಸಿರಲಿಲ್ಲ. ಫೋನಿನಲ್ಲೇ ಹೇಳಿ ಮೂರು ಬಗೆಯಲ್ಲಿ ತಿರುಗಿಸಿದೆ, ನಿಂತಿತು. ಬರುವ ಭಾನುವಾರ ಅವನ ಗೆಳೆಯರ ಜೊತೆ ಲೋಹಗಡ. ಲೋಣಾವಳಾದಲ್ಲಿ ಇಳಿದು ಮಳವಲಿಯ ಲೋಕಲ್ ಹಿಡಿಯುವ ಮೊದಲು ಹಳದಿ ಫಲಕದ ಮುಂದೆ ನಿಂತು ಫೋನ್ ಮಾಡುತ್ತೇನೆ ಎಂದಿದ್ದಾನೆ.